ಆಲ್ಟರ್ ಬ್ರಿಡ್ಜ್‌ನ ಏಳು ಆಲ್ಬಮ್: ಧೈರ್ಯ ಹೇಳುವಾಗ ಸುಮಾರು, ಅನುಮಾನ ಪಡುವಾಗ ಜೋರು

ಟೆನ್ ಸ್ಪೋರ್ಟ್ಸ್‌ನಲ್ಲಿ ಡಬ್ಲ್ಯುಡಬ್ಲ್ಯುಇ ನೋಡಿ ಬೆಳೆದವರಿಗೆಲ್ಲ ಆಲ್ಟರ್ ಬ್ರಿಡ್ಜ್ ಗೊತ್ತು. ಬ್ಯಾಂಡಿನ ಹೆಸರು ಗೊತ್ತಿರಲಿಕ್ಕಿಲ್ಲ, ಅಷ್ಟೇ. ಎಡ್ಜ್ ಅನ್ನುವ ಕುಸ್ತಿಪಟು ಹೊಗೆಯ ಮಧ್ಯದಿಂದ ಓಡಿ ಬರುವಾಗ ಹಿಂದೆ ಒಂದು ಗಿಟಾರ್ ಗುಡುಗುತ್ತಿತ್ತಲ್ಲ, ಅದು ಇವರದೇ ಹಾಡು, 'ಮೆಟಲಿಂಗಸ್'. ನನಗೆ ಗೊತ್ತಿರುವ ಎಷ್ಟೋ ಜನ ಆ ಒಂದು ಹಾಡನ್ನು ಜಿಮ್ ಪ್ಲೇಲಿಸ್ಟಿಗೆ ಹಾಕಿಕೊಂಡು ಅಲ್ಲಿಗೇ ನಿಂತುಬಿಟ್ಟಿದ್ದಾರೆ. ಪಾಪ, ಅವರ ತಪ್ಪೇನಿಲ್ಲ. ಈ ಬ್ಯಾಂಡ್ ತನ್ನ ಒಳ್ಳೆಯ ಹಾಡುಗಳನ್ನು ಮುಂದೆ ಇಟ್ಟು ಮಾರುವುದೇ ಇಲ್ಲ. ಸಿಂಗಲ್ ಅಂತ, ಅಂದರೆ ಆಲ್ಬಮ್ಮಿನಿಂದ ಬಿಡಿಯಾಗಿ ತೆಗೆದು, ಬಿಡುವುದೆಲ್ಲ ಹೆಚ್ಚಾಗಿ 'ಏಳು, ಎದ್ದೇಳು, ನೀನು ಗೆಲ್ತೀಯ' ಜಾತಿಯ ಹಾಡು. ಒಳ್ಳೆಯ ಸರಕು ಆಲ್ಬಮ್ಮಿನ ಒಳಗೆ, ಎಂಟನೆಯದೋ ಹದಿನಾಲ್ಕನೆಯದೋ ಹಾಡಾಗಿ ಕೂತಿರುತ್ತದೆ. ಹಾಗಾಗಿ 2004ರಿಂದ 2022ರವರೆಗೆ ಬಂದ ಏಳು ಆಲ್ಬಮ್ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿ ಹಾಕುತ್ತಿದ್ದೇನೆ. ಎಲ್ಲಕ್ಕೂ ಸಮ ಸಮ ಜಾಗ ಕೊಡುವುದಿಲ್ಲ, ಅಷ್ಟು ಯೋಗ್ಯತೆ ಎಲ್ಲಕ್ಕೂ ಇಲ್ಲ.

ಮೊದಲು ಇವರು ಯಾರು ಅಂತ ಸ್ವಲ್ಪ. ಕ್ರೀಡ್ ಅಂತ ಒಂದು ಬ್ಯಾಂಡ್ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಕೋಟಿ ಲೆಕ್ಕದಲ್ಲಿ ಮಾರಾಟವಾದ, ಅಷ್ಟೇ ಜೋರಾಗಿ ಬೈಸಿಕೊಂಡ ಬ್ಯಾಂಡ್. 2004ರಲ್ಲಿ ಅದು ಒಡೆಯಿತು. ಅದರ ಗಿಟಾರ್ ವಾದಕ ಮಾರ್ಕ್ ಟ್ರಿಮೊಂಟಿ, ಡ್ರಮ್ಮರ್ ಸ್ಕಾಟ್ ಫಿಲಿಪ್ಸ್, ಮತ್ತೆ 2000ದಲ್ಲೇ ಕ್ರೀಡ್ ಬಿಟ್ಟು ಹೋಗಿದ್ದ ಬಾಸ್ ವಾದಕ ಬ್ರಯಾನ್ ಮಾರ್ಷಲ್ ಮೂವರೂ ಫ್ಲೋರಿಡಾದ ಒರ್ಲ್ಯಾಂಡೋದಲ್ಲಿ ಹೊಸ ಬ್ಯಾಂಡ್ ಕಟ್ಟಿದರು. ಹಾಡುವುದಕ್ಕೆ ದೇಶದ ಇನ್ನೊಂದು ಮೂಲೆಯ ಸ್ಪೋಕೇನ್ ಊರಿನಿಂದ ಮೈಲ್ಸ್ ಕೆನಡಿಯನ್ನು ಕರೆತಂದರು. ಕೆನಡಿ ಅದಕ್ಕೆ ಮುಂಚೆ ಮೇಫೀಲ್ಡ್ ಫೋರ್ ಅನ್ನುವ ಬ್ಯಾಂಡಿನಲ್ಲಿ ಹಾಡುತ್ತಿದ್ದರು. ಆ ಬ್ಯಾಂಡ್ ಹೆಸರು ಮಾಡಲಿಲ್ಲ, ಮುಚ್ಚಿಹೋಯಿತು. ಇವರ ಮೂಲ ಕಲಿಕೆ ಜಾಝ್ ಗಿಟಾರ್, ಗಾಯನ ಆಮೇಲೆ ಬಂದದ್ದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಬ್ಯಾಂಡಿನ ಹೆಸರು ಡೆಟ್ರಾಯಿಟ್‌ನ ಆಲ್ಟರ್ ರೋಡ್‌ನಲ್ಲಿದ್ದ ಒಂದು ಸೇತುವೆಯದು. ಟ್ರಿಮೊಂಟಿ ಚಿಕ್ಕವರಿದ್ದಾಗ ಮನೆ ಅದರ ಹತ್ತಿರ ಇತ್ತಂತೆ.

ಕ್ರೀಡ್‌ನ ನಂಟು ಇವರನ್ನು ಇವತ್ತಿಗೂ ಬಿಟ್ಟಿಲ್ಲ. ರಾಕ್ ಕೇಳುವ ಗೆಳೆಯರ ಮುಂದೆ ಆಲ್ಟರ್ ಬ್ರಿಡ್ಜ್ ಹೆಸರು ತೆಗೆದರೆ ಅರ್ಧ ಜನ ಮೂಗು ಮುರಿಯುತ್ತಾರೆ. 'ಓ, ಆ ಕ್ರೀಡ್ ಕಡೆಯವರಾ?' ಅಂತ. ಕೇಳಿ ಬೈದರೆ ಪರವಾಗಿಲ್ಲ, ಕೇಳದೇ ಬೈಯುತ್ತಾರೆ.

'ಒನ್ ಡೇ ರಿಮೇನ್ಸ್' 2004ರ ಆಗಸ್ಟ್‌ನಲ್ಲಿ ಬಂತು. ಇದನ್ನು ಕೇಳಿ ಬೈದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಹಾಡುಗಳಲ್ಲಿ ಹೆಚ್ಚಿನವು ಟ್ರಿಮೊಂಟಿಯದು. ಕೆನಡಿ ಆಮೇಲೆ ಬಂದು ಸೇರಿಕೊಂಡವರು. ಅದು ಕೇಳಿದರೆ ಗೊತ್ತಾಗುತ್ತದೆ, ಬೇರೆ ಯಾರಿಗೋ ಹೊಲಿಸಿದ ಅಂಗಿ ಹಾಕಿಕೊಂಡಂತೆ ಹಾಡುತ್ತಾರೆ. 'ಓಪನ್ ಯುವರ್ ಐಸ್' ರೇಡಿಯೋಗೆ ಹೇಳಿ ಮಾಡಿಸಿದ ಹಾಡು. ಕೋರಸ್ ಗಟ್ಟಿ, ಎಲ್ಲರೂ ಕೈ ಎತ್ತಿ ಹಾಡಬಹುದು, ಆದರೆ ಆಮೇಲೆ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. 'ಇನ್ ಲವಿಂಗ್ ಮೆಮರಿ' ಮಾತ್ರ ಬೇರೆ. ಅದು 2002ರಲ್ಲಿ ತೀರಿಕೊಂಡ ತನ್ನ ತಾಯಿಗಾಗಿ ಟ್ರಿಮೊಂಟಿ ಬರೆದದ್ದು. ಆ ಹಾಡಿನಲ್ಲಿ ಯಾರಿಗೂ ಧೈರ್ಯ ಹೇಳುವ ಆತುರ ಇಲ್ಲ. ಇನ್ನುಳಿದಂತೆ 'ಮೆಟಲಿಂಗಸ್' ಇದೆ, ಎಡ್ಜ್ ಪುಣ್ಯದಿಂದ ಚಿರಂಜೀವಿ ಆಗಿದೆ, ಅದರ ಬಗ್ಗೆ ನಾನು ಹೇಳಬೇಕಾದ್ದು ಏನಿಲ್ಲ. ಆಲ್ಬಮ್ ಅಮೆರಿಕದಲ್ಲಿ ಚೆನ್ನಾಗಿಯೇ ಮಾರಾಟವಾಯಿತು, ಗೋಲ್ಡ್ ಆಯಿತು, ಅಂದರೆ ಐದು ಲಕ್ಷ ಪ್ರತಿಯ ಲೆಕ್ಕ. ಆದರೆ ಕ್ರೀಡ್ ಮಾರುತ್ತಿದ್ದ ಲೆಕ್ಕದ ಮುಂದೆ ಅದು ಚಿಲ್ಲರೆ. ರೆಕಾರ್ಡ್ ಕಂಪನಿಗೆ ಬೇಕಾಗಿದ್ದದ್ದು ಹಳೆಯ ಬ್ಯಾಂಡ್. ಕ್ರೀಡ್ ಮತ್ತೆ ಶುರು ಮಾಡಿ ಅಂತ ಒತ್ತಡ ಬಂತು. ಇವರು ಒಪ್ಪಲಿಲ್ಲ. ತಮ್ಮದೇ ದುಡ್ಡು ಕೊಟ್ಟು ಕರಾರಿನಿಂದ ಬಿಡಿಸಿಕೊಂಡು ಆಚೆ ಬಂದರು.

ಆ ಸಿಟ್ಟು 2007ರ 'ಬ್ಲ್ಯಾಕ್‌ಬರ್ಡ್' ಆಲ್ಬಮ್ಮಿನ ಮೊದಲ ಹಾಡಿನ ಮೊದಲ ಸೆಕೆಂಡಿನಿಂದಲೇ ಕೇಳುತ್ತದೆ. 'ಟೈಸ್ ದಟ್ ಬೈಂಡ್'. ಗಿಟಾರ್ ಹಲ್ಲು ಕಚ್ಚಿಕೊಂಡು ಬರುತ್ತದೆ. ಇಲ್ಲಿ ಎರಡು ದೊಡ್ಡ ಬದಲಾವಣೆ ಆಗಿವೆ. ಒಂದು, ಕೆನಡಿ ಈಗ ಸುಮ್ನೆ ಹಾಡುಗಾರ ಅಲ್ಲ, ಗಿಟಾರ್ ಹಿಡಿದುಕೊಂಡಿದ್ದಾರೆ, ಹಾಡು ಕಟ್ಟುವುದರಲ್ಲಿ ಸಮಪಾಲು. ಎರಡು, ನಿರ್ಮಾಪಕನ ಕುರ್ಚಿಗೆ ಮೈಕಲ್ 'ಎಲ್ವಿಸ್' ಬಾಸ್ಕೆಟ್ ಬಂದು ಕೂತಿದ್ದಾರೆ. ಇಲ್ಲಿಂದ 'ಪಾನ್ಸ್ ಅಂಡ್ ಕಿಂಗ್ಸ್'ವರೆಗೆ ಇವರ ಎಲ್ಲ ಆಲ್ಬಮ್ ಅವರದೇ ಕೈಕೆಲಸ. ಅದರ ಲಾಭವೂ ಇದೆ, ನಷ್ಟವೂ ಇದೆ. ನಷ್ಟದ ವಿಷಯ ಆಮೇಲೆ.

ಆಲ್ಬಮ್ಮಿಗೆ ಹೆಸರು ಕೊಟ್ಟ 'ಬ್ಲ್ಯಾಕ್‌ಬರ್ಡ್' ಹಾಡಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಸುಮಾರು ಎಂಟು ನಿಮಿಷ. ಕೆನಡಿಯ ಒಬ್ಬ ಗೆಳೆಯ ಸಾಯುವ ಹಂತದಲ್ಲಿದ್ದಾಗ ಬರೆದ ಹಾಡು, ಹಾಡು ಮುಗಿಯುವ ಹೊತ್ತಿಗೆ ಆ ಗೆಳೆಯ ಇರಲಿಲ್ಲ. ಒಂದೊಂದೇ ತಂತಿ ಮೀಟುತ್ತ ಶುರುವಾಗುತ್ತದೆ. ದನಿ ತಗ್ಗಿನಲ್ಲಿದೆ. ಮೊದಲ ಕೋರಸ್ ಬಂದಾಗಲೂ ಪೂರ್ತಿ ಬಾಯಿ ಬಿಡುವುದಿಲ್ಲ, ಇನ್ನೂ ಹಿಡಿದಿಟ್ಟುಕೊಂಡಿದ್ದಾರೆ ಅಂತ ಅನಿಸುತ್ತದೆ. ನಡುವೆ ಎರಡು ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ, ಇವೆ. ಮೊದಲನೆಯದು ಕೆನಡಿಯದು, ಎರಡನೆಯದು ಟ್ರಿಮೊಂಟಿಯದು. 2011ರಲ್ಲಿ ಬ್ರಿಟನ್ನಿನ 'ಗಿಟಾರಿಸ್ಟ್' ಪತ್ರಿಕೆಯ ಓದುಗರು ಇದನ್ನೇ ಸಾರ್ವಕಾಲಿಕ ಶ್ರೇಷ್ಠ ಗಿಟಾರ್ ಸೋಲೋ ಅಂತ ಆರಿಸಿದರು. ಇಂಥ ಚುನಾವಣೆಗಳಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ, ಆದರೆ ಇಲ್ಲಿ ಜನ ಏನನ್ನು ಮೆಚ್ಚಿದರು ಅನ್ನುವುದು ಅರ್ಥವಾಗುತ್ತದೆ. ಜಾಝ್ ಕಲಿತ ಕೆನಡಿ ನಿಧಾನವಾಗಿ, ಹಾಡಿದ ಹಾಗೆಯೇ ನುಡಿಸುತ್ತಾರೆ, ಸ್ವರಗಳ ನಡುವೆ ಜಾಗ ಬಿಡುತ್ತಾರೆ. ಅವರು ಬಿಟ್ಟ ಕಡೆ ಟ್ರಿಮೊಂಟಿ ಹಿಡಿದುಕೊಂಡು ವೇಗ ಏರಿಸುತ್ತಾರೆ. ಒಬ್ಬರು ಅಳುತ್ತಾರೆ, ಇನ್ನೊಬ್ಬರು ಜಗಳಕ್ಕೆ ನಿಲ್ಲುತ್ತಾರೆ. ಸಾವಿನ ಮುಂದೆ ಮನುಷ್ಯ ಮಾಡುವುದು ಇವೆರಡೇ ತಾನೆ. ಹೆಡ್‌ಫೋನ್ ಹಾಕಿಕೊಂಡು ಎಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡುತ್ತಾರೆ ಅಂತ ಹುಡುಕಿ ನೋಡಿ, ಮಜಾ ಇದೆ.

ಇಷ್ಟಾದರೂ 'ಬ್ಲ್ಯಾಕ್‌ಬರ್ಡ್' ಇವರ ಅತ್ಯುತ್ತಮ ಆಲ್ಬಮ್ ಅಂತ ನಾನು ಒಪ್ಪುವುದಿಲ್ಲ. ಅಭಿಮಾನಿಗಳು ಬಾಯಿಗೆ ಬಂದಂತೆ ಬೈಯಬಹುದು, ಬೈಯಲಿ. ಹದಿಮೂರು ಹಾಡಿನಲ್ಲಿ ನಾಲ್ಕೈದು ಆ ಹಳೆಯ ಧೈರ್ಯದ ಮಾತ್ರೆಗಳೇ. 'ರೈಸ್ ಟುಡೇ' ಕೇಳಿ. ಎಷ್ಟು ಚೆನ್ನಾಗಿ ಕಟ್ಟಿದ ಹಾಡು, ಆದರೆ ಅದು ಹೇಳುವುದನ್ನು ಗೋಡೆಗೆ ಅಂಟಿಸುವ ಪೋಸ್ಟರ್ ಕೂಡ ಹೇಳುತ್ತದೆ. 'ಬಿಫೋರ್ ಟುಮಾರೋ ಕಮ್ಸ್' ಕೂಡ ಅದೇ ದಾರಿ. 'ವಾಚ್ ಓವರ್ ಯೂ' ಚಂದದ ಹಾಡು, ಆದರೆ ಪ್ರತಿ ಆಲ್ಬಮ್ಮಿಗೆ ಒಂದು ನಿಧಾನದ ಹಾಡು ಇರಲೇಬೇಕು ಅನ್ನುವ ಇವರ ವ್ರತ ಅಲ್ಲಿಂದ ಗಟ್ಟಿಯಾಯಿತು.

ಈಗ ನನ್ನ ಮೆಚ್ಚಿನದ್ದಕ್ಕೆ ಬರುತ್ತೇನೆ. 2010ರ 'ಎಬಿ 3'. ಹೆಸರಿನಲ್ಲೇ ಉತ್ಸಾಹ ಇಲ್ಲ, ಮೂರನೆಯದು ಅಂತ ನಂಬರ್ ಹಾಕಿ ಬಿಟ್ಟಿದ್ದಾರೆ. ಆಗಿನ ಪರಿಸ್ಥಿತಿಯೂ ವಿಚಿತ್ರವಾಗಿತ್ತು. ಕಂಪನಿಯ ಮಾತಿಗೆ ಸೊಪ್ಪು ಹಾಕದೇ ಹೊರಬಂದಿದ್ದ ಮೂವರೂ 2009ರಲ್ಲಿ ತಾವಾಗಿಯೇ ಕ್ರೀಡ್‌ಗೆ ವಾಪಸ್ ಹೋಗಿ ಒಂದು ಆಲ್ಬಮ್ ಮಾಡಿ ಪ್ರವಾಸ ಹೊರಟರು. ಕೆನಡಿ ಅತ್ತ ಗನ್ಸ್ ಎನ್ ರೋಸಸ್ ಖ್ಯಾತಿಯ ಗಿಟಾರ್ ವಾದಕ ಸ್ಲ್ಯಾಷ್ ಜೊತೆ ಹಾಡಲು ಶುರು ಮಾಡಿದರು. ಈ ಬ್ಯಾಂಡ್ ಇನ್ನು ಮುಗಿಯಿತು ಅಂತ ಅನಿಸುವ ಹೊತ್ತು. ಆಗ ಬಂದ ಆಲ್ಬಮ್ ಇದು.

ವಿಷಯ ಏನಪ್ಪಾ ಅಂದರೆ, ನಂಬಿಕೆ ಕಳೆದುಹೋಗುವುದು. ದೇವರ ಮೇಲಿನ ನಂಬಿಕೆ. ಕ್ರೀಡ್ ಅನ್ನು ಜನ ಕ್ರೈಸ್ತ ಬ್ಯಾಂಡ್ ಅಂತಲೇ ತಿಳಿದಿದ್ದರು, ಅವರ ಹಾಡುಗಳಲ್ಲಿ ಭಕ್ತಿ ಉಕ್ಕುತ್ತಿತ್ತು. ಅದೇ ಮೂವರು ವಾದಕರನ್ನು ಬೆನ್ನಿಗೆ ಇಟ್ಟುಕೊಂಡು ಕೆನಡಿ ಹದಿನಾಲ್ಕು ಹಾಡಿನ ಉದ್ದಕ್ಕೂ 'ಮೇಲೆ ಯಾರೂ ಇಲ್ಲದಿದ್ದರೆ?' ಅಂತ ಕೇಳುತ್ತಾರೆ. ಈ ಪ್ರಶ್ನೆ ಅವರಿಗೆ ಎಲ್ಲಿಂದ ಬಂತು ಅನ್ನುವುದು 2018ರಲ್ಲಿ ಅವರು ಒಬ್ಬರೇ ಮಾಡಿದ 'ಇಯರ್ ಆಫ್ ದಿ ಟೈಗರ್' ಆಲ್ಬಮ್ ಬಂದಾಗ ಇನ್ನೂ ಸ್ಪಷ್ಟವಾಯಿತು. 1974ರಲ್ಲಿ, ಕೆನಡಿಗೆ ನಾಲ್ಕು ವರ್ಷ ಇದ್ದಾಗ, ಅವರ ತಂದೆ ತೀರಿಕೊಂಡರು. ಅಪೆಂಡಿಕ್ಸ್ ತೊಂದರೆ. ಕುಟುಂಬ ನಡೆದುಕೊಳ್ಳುತ್ತಿದ್ದ ಕ್ರಿಶ್ಚಿಯನ್ ಸೈನ್ಸ್ ಪಂಥದಲ್ಲಿ ಔಷಧಿಗಿಂತ ಪ್ರಾರ್ಥನೆ ಮೊದಲು, ಹಾಗಾಗಿ ಚಿಕಿತ್ಸೆ ಬೇಡ ಅಂದರು. ಇದು ಗೊತ್ತಾದ ಮೇಲೆ 'ಎಬಿ 3' ಮತ್ತೊಮ್ಮೆ ಕೇಳಿದರೆ ಆ ಸಿಟ್ಟು, ಆ ಹಿಂಜರಿಕೆ ಎರಡೂ ಬೇರೆಯೇ ತೂಕದಲ್ಲಿ ಕೇಳಿಸುತ್ತವೆ.

ಶುರುವಿನ 'ಸ್ಲಿಪ್ ಟು ದಿ ವಾಯ್ಡ್' ಬಹಳ ಹೊತ್ತು ಪಿಸುಮಾತಿನಲ್ಲೇ ಇರುತ್ತದೆ. ಕೆನಡಿ ಕಿವಿಯ ಪಕ್ಕದಲ್ಲಿ ಕೂತು ಹಾಡಿದ ಹಾಗೆ. ಆಮೇಲೆ ಒಮ್ಮೆಲೇ ಎಲ್ಲರೂ ಬೀಳುತ್ತಾರೆ. ರಾಕ್ ಆಲ್ಬಮ್ಮಿನ ಮೊದಲ ಹಾಡು ಹೀಗಿರುವುದು ಕಡಿಮೆ, ಸಾಮಾನ್ಯವಾಗಿ ಬಾಗಿಲು ಒದ್ದುಕೊಂಡೇ ಬರುತ್ತವೆ. 'ಐಸೊಲೇಶನ್' ಅಮೆರಿಕದ ರಾಕ್ ರೇಡಿಯೋ ಪಟ್ಟಿಯಲ್ಲಿ ಇವರಿಗೆ ಮೊದಲ ಬಾರಿ ಒಂದನೇ ಸ್ಥಾನ ತಂದುಕೊಟ್ಟಿತು. 'ಘೋಸ್ಟ್ ಆಫ್ ಡೇಸ್ ಗಾನ್ ಬೈ' ವಯಸ್ಸಾಗುವ ಭಯದ ಹಾಡು. ನಲವತ್ತು ದಾಟಿದ ಮೇಲೆ ಕೇಳಿ, ಮುಂಚೆ ಕೇಳಿದರೆ ರಾಗ ಮಾತ್ರ ಇಷ್ಟವಾಗುತ್ತದೆ. 'ಕರ್ ಡಲೇನ್' ಅನ್ನುವುದು ಸ್ಪೋಕೇನ್ ಪಕ್ಕದಲ್ಲೇ, ಐಡಹೋ ರಾಜ್ಯದಲ್ಲಿ ಇರುವ ಒಂದು ಊರು, ಕೆರೆ ದಂಡೆಯ ಊರು. ಇಷ್ಟೊಂದು ಕತ್ತಲಿನ ಮಧ್ಯೆ ತನ್ನ ಕಡೆಯ ಊರೊಂದನ್ನು ನೆನೆಯುವ ಆ ಹಾಡು ಒಂದು ಕಿಟಕಿ ತೆಗೆದಂತೆ ಇದೆ. 'ಸ್ಟಿಲ್ ರಿಮೇನ್ಸ್'ನಲ್ಲಿ ಫಿಲಿಪ್ಸ್ ಡ್ರಮ್ಸ್ ಕೇಳಿ. ಈ ಮನುಷ್ಯನ ಬಗ್ಗೆ ಯಾರೂ ಮಾತಾಡುವುದಿಲ್ಲ, ಮಾತಾಡಬೇಕು.

ಕೊನೆಯ ಹಾಡು 'ವರ್ಡ್ಸ್ ಡಾರ್ಕರ್ ದ್ಯಾನ್ ದೇರ್ ವಿಂಗ್ಸ್'. ಇಲ್ಲಿ ಟ್ರಿಮೊಂಟಿಯೂ ಹಾಡುತ್ತಾರೆ. ಒಬ್ಬರು ನಂಬುವವರು, ಒಬ್ಬರು ನಂಬದವರು. ತಾಳಮದ್ದಳೆಯಲ್ಲಿ ಇಬ್ಬರು ಒಳ್ಳೆಯ ಅರ್ಥಧಾರಿಗಳು ಎದುರೆದುರು ಕೂತು ವಾದ ಹೂಡುತ್ತಾರಲ್ಲ, ಇಬ್ಬರ ಮಾತೂ ಸರಿ ಅನಿಸುತ್ತ ಹೋಗುತ್ತದಲ್ಲ, ಹಾಗೆ. ವ್ಯತ್ಯಾಸ ಏನಂದರೆ ಇಲ್ಲಿ ಗೆಲ್ಲುವವರು ಯಾರು ಅಂತ ಪ್ರಸಂಗ ಮೊದಲೇ ತೀರ್ಮಾನ ಮಾಡಿಟ್ಟಿಲ್ಲ. ಎರಡು ದನಿ ಒಂದರ ಮೇಲೊಂದು ಹತ್ತಿ, ಗಿಟಾರ್ ಸುಳಿಯಾಗಿ ಸುತ್ತಿ, ಹಾಡು ಮುಗಿದೇ ಹೋಗುತ್ತದೆ, ಉತ್ತರ ಬರುವುದಿಲ್ಲ. ಈ ಹಾಡನ್ನು ಸಿಂಗಲ್ ಮಾಡಲಿಲ್ಲ. ಹದಿನಾಲ್ಕನೆಯ ಹಾಡು, ಅಲ್ಲಿಯವರೆಗೆ ಎಷ್ಟು ಜನ ಬರುತ್ತಾರೆ ಹೇಳಿ.

ಅದಕ್ಕೇ ನನ್ನ ತಕರಾರು. 'ಐ ನೋ ಇಟ್ ಹರ್ಟ್ಸ್' ಸೇರಿ ಎರಡು ಮೂರು ಹಾಡು ತೆಗೆದಿದ್ದರೆ ಈ ಆಲ್ಬಮ್ ಇನ್ನೂ ಬಿಗಿಯಾಗುತ್ತಿತ್ತು. ಒಳ್ಳೆಯ ಹಾಡು ಬಿಡಲಾಗದೆ ಎಲ್ಲವನ್ನೂ ತುಂಬುವ ಚಟ ಇವರಿಗೆ ಇದೆ. ಆದರೂ ಹೇಳುತ್ತೇನೆ, ಅನುಮಾನವನ್ನು ಇಷ್ಟು ಗಟ್ಟಿ ದನಿಯಲ್ಲಿ ಹಾಡಿದ ಹಾರ್ಡ್ ರಾಕ್ ಆಲ್ಬಮ್ ಈ ಕಾಲದಲ್ಲಿ ನಾನು ಇನ್ನೊಂದು ಕೇಳಿಲ್ಲ.

2013ರ 'ಫೋರ್ಟ್ರೆಸ್' ಬಗ್ಗೆ ಜಗಳ ಇಲ್ಲ, ಎಲ್ಲರಿಗೂ ಇಷ್ಟ. ನನಗೂ ಇಷ್ಟ. ವಾದ್ಯಗಾರಿಕೆ ದೃಷ್ಟಿಯಿಂದ ನೋಡಿದರೆ ಇದೇ ಇವರ ಎತ್ತರ. ಮೊದಲ ಹಾಡು 'ಕ್ರೈ ಆಫ್ ಅಕಿಲೀಸ್' ಶಾಸ್ತ್ರೀಯ ಗಿಟಾರಿನಂಥ ಒಂದು ಸಣ್ಣ ತುಣುಕಿನಿಂದ ಶುರುವಾಗುತ್ತದೆ. ನೀವು ಆರಾಮಾಗಿ ಕೂರುವಷ್ಟರಲ್ಲಿ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ಬಂದು ಕಾಲರ್ ಹಿಡಿಯುತ್ತದೆ. ಆರು ನಿಮಿಷಕ್ಕೂ ಜಾಸ್ತಿ ಇದೆ, ಉದ್ದ ಅಂತ ಅನಿಸುವುದಿಲ್ಲ. ಅಷ್ಟರಲ್ಲಿ ಟ್ರಿಮೊಂಟಿ ತಮ್ಮದೇ ಹೆಸರಿನ ಬ್ಯಾಂಡ್ ಮಾಡಿಕೊಂಡು 2012ರಲ್ಲಿ ಒಂದು ಆಲ್ಬಮ್ ತಂದಿದ್ದರು, ಅಲ್ಲಿ ಹಾಡುಗಾರರೂ ಅವರೇ. ಆ ಧೈರ್ಯ ಇಲ್ಲಿ ಕೇಳುತ್ತದೆ. 'ವಾಟರ್ಸ್ ರೈಸಿಂಗ್' ಅವರೇ ಮುಂದೆ ನಿಂತು ಹಾಡಿದ್ದು. ಕೆನಡಿಯ ದನಿಯ ಹಾಗೆ ಮೇಲೆ ಹಾರುವುದಿಲ್ಲ, ನೆಲದ ಮೇಲೆ ಕಾಲೂರಿ ನಿಂತ ದನಿ. ಕೆನಡಿ ಹಿಂದಿನಿಂದ ಬಂದು ಸೇರಿಕೊಂಡಾಗ ಎರಡೂ ದನಿಯ ಬೆಲೆ ಹೆಚ್ಚುತ್ತದೆ. 'ಕಾಮ್ ದಿ ಫೈರ್' ಶುರುವಾಗುವುದೇ ಕೆನಡಿಯ ತೀರಾ ಎತ್ತರದ, ಹೆಚ್ಚು ಕಮ್ಮಿ ಹೆಂಗಸಿನ ದನಿಯಂಥ ಆಲಾಪದಿಂದ. ಇದಕ್ಕೆ ಮೆಟಲ್ ರಿಫ್ ಹೊಂದುತ್ತದಾ ಅಂತ ಅನುಮಾನ ಬಂದರೆ ಪೂರ್ತಿ ಕೇಳಿ.

ಈ ಆಲ್ಬಮ್ಮಿನ ಹಾಡುಗಳು ಪದ್ಯ, ಕೋರಸ್, ಪದ್ಯ, ಕೋರಸ್ ಅನ್ನುವ ಸೂತ್ರಕ್ಕೆ ಕಟ್ಟುಬಿದ್ದಿಲ್ಲ. ದಾರಿ ತಪ್ಪಿದಂತೆ ಮಾಡಿ ಬೇರೆ ಎಲ್ಲೋ ಕರೆದುಕೊಂಡು ಹೋಗುತ್ತವೆ. ಕೊನೆಯ 'ಫೋರ್ಟ್ರೆಸ್' ಹಾಡು ಏಳು ನಿಮಿಷ ದಾಟುತ್ತದೆ, ಮಧ್ಯದಲ್ಲಿ ಪೂರ್ತಿ ತಣ್ಣಗಾಗಿ ಮತ್ತೆ ಮೊದಲಿನಿಂದ ಕಟ್ಟಿಕೊಂಡು ಬರುತ್ತದೆ. ಕಟ್ಟಿದ ಕೋಟೆ ಕಣ್ಣ ಮುಂದೆಯೇ ಕುಸಿಯುವ ಹಾಡು. ಇಲ್ಲಿಯೂ ನೋಡಿ, ಗೆದ್ದ ಹಾಡು ಅಲ್ಲ, ಸೋತ ಹಾಡು. ಧೈರ್ಯ ಹೇಳುವ 'ಆಲ್ ಎಂಡ್ಸ್ ವೆಲ್' ಇದರ ಸ್ವಲ್ಪ ಹಿಂದೆಯೇ ಇದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ಕೇಳಿದರೆ ನನ್ನ ಮಾತು ನಿಮಗೇ ಗೊತ್ತಾಗುತ್ತದೆ.

2016ರಲ್ಲಿ 'ದಿ ಲಾಸ್ಟ್ ಹೀರೋ' ಬಂತು. ಅಮೆರಿಕದಲ್ಲಿ ಚುನಾವಣೆಯ ವರ್ಷ. ನಾಯಕರ ಮೇಲೆ ಬೇಸತ್ತವರ ಆಲ್ಬಮ್. 'ಶೋ ಮಿ ಎ ಲೀಡರ್' ಹೆಸರಿನಲ್ಲೇ ವಿಷಯ ಇದೆ. ಯಾವ ಪಕ್ಷದ ಹೆಸರೂ ಎತ್ತದೆ ಎಲ್ಲರ ಮೇಲೂ ಅನುಮಾನ ಪಡುವ ಹಾಡು, ಹಾಗಾಗಿ ಇಲ್ಲಿ ಕೂತು ಕೇಳುವ ನಮಗೂ ಹೊಂದುತ್ತದೆ, ಅಲ್ವಾ? 'ದಿ ರೈಟಿಂಗ್ ಆನ್ ದಿ ವಾಲ್' ಹವಾಮಾನ ಬದಲಾವಣೆಯನ್ನು ಒಪ್ಪದವರಿಗೆ ಬೈದದ್ದು. ಆದರೆ ಇದೇ ಆಲ್ಬಮ್ಮಿನಲ್ಲಿ 'ಮೈ ಚಾಂಪಿಯನ್' ಕೂಡ ಇದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಹಾಕಬಹುದು.

ಈಗ ಆ ನಷ್ಟದ ಮಾತು. ಬಾಸ್ಕೆಟ್ ಸೌಂಡ್ ದೊಡ್ಡದು, ದಪ್ಪ, ಗಿಟಾರ್ ಮೇಲೆ ಗಿಟಾರ್. ಆದರೆ ವರ್ಷ ಕಳೆದ ಹಾಗೆ ಎಲ್ಲವನ್ನೂ ಒಂದೇ ಎತ್ತರಕ್ಕೆ ಒತ್ತಿ ಕೂರಿಸುವುದು ಜಾಸ್ತಿ ಆಯಿತು. ಕಂಪ್ರೆಶನ್ ಅನ್ನುತ್ತಾರಲ್ಲ, ಮೆಲ್ಲಗಿನ ಸದ್ದನ್ನು ಎತ್ತಿ, ಜೋರಿನದನ್ನು ತಗ್ಗಿಸಿ, ಆಮೇಲೆ ಒಟ್ಟಾರೆ ಜೋರು ಮಾಡುವುದು. ರೇಡಿಯೋದಲ್ಲಿ, ಕಾರಿನಲ್ಲಿ ಚೆನ್ನಾಗಿ ಕೇಳಿಸುತ್ತದೆ. ಒಳ್ಳೆಯ ಹೆಡ್‌ಫೋನ್‌ನಲ್ಲಿ ಇಡೀ ಆಲ್ಬಮ್ ಕೂತು ಕೇಳಿದರೆ ಅರ್ಧಕ್ಕೇ ಕಿವಿ ದಣಿಯುತ್ತದೆ. ಈ ಬ್ಯಾಂಡಿನ ಶಕ್ತಿಯೇ ಮೆಲ್ಲಗಿನಿಂದ ಜೋರಿಗೆ ಹೋಗುವುದರಲ್ಲಿ ಇರುವಾಗ ಆ ಅಂತರವನ್ನೇ ಕಡಿಮೆ ಮಾಡಿದರೆ ಹೇಗೆ? 'ದಿ ಲಾಸ್ಟ್ ಹೀರೋ'ದಲ್ಲಿ ಇದು ತೀರಾ ಎದ್ದು ಕಾಣುತ್ತದೆ. ಮಾರ್ಷಲ್ ಅವರ ಬಾಸ್ ಎಲ್ಲಿದೆ ಅಂತ ಹುಡುಕಬೇಕು.

ಈ ರೋಗಕ್ಕೆ ಮದ್ದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಲೈವ್ ಆಲ್ಬಮ್. 2017ರ ಅಕ್ಟೋಬರ್‌ನಲ್ಲಿ ಪ್ಯಾರಲ್ಯಾಕ್ಸ್ ಆರ್ಕೆಸ್ಟ್ರಾ ಜೊತೆ ಕೊಟ್ಟ ಕಾರ್ಯಕ್ರಮ, ಮರು ವರ್ಷ ಬಿಡುಗಡೆ ಆಯಿತು. ಇದು ಏಳರ ಲೆಕ್ಕಕ್ಕೆ ಬರುವುದಿಲ್ಲ, ಆದರೂ ಬಿಡುವ ಹಾಗಿಲ್ಲ. ರಾಕ್ ಬ್ಯಾಂಡ್ ಜೊತೆ ಪಿಟೀಲು ಸೇರಿಸಿದರೆ ಸಾಮಾನ್ಯವಾಗಿ ಮದುವೆ ಮನೆ ಅಲಂಕಾರ ಆಗಿಬಿಡುತ್ತದೆ. ಇಲ್ಲಿ ಹಾಗಾಗಿಲ್ಲ, ಯಾಕೆಂದರೆ ಇವರ ಹಾಡಿನ ಕಟ್ಟಡದಲ್ಲೇ ಆರ್ಕೆಸ್ಟ್ರಾಗೆ ಬೇಕಾದ ಏರಿಳಿತ ಇದೆ. 'ಸ್ಲಿಪ್ ಟು ದಿ ವಾಯ್ಡ್', 'ಫೋರ್ಟ್ರೆಸ್', ಆ 'ವರ್ಡ್ಸ್ ಡಾರ್ಕರ್' ಮೂರನ್ನೂ ಇಲ್ಲಿ ಕೇಳಿ. ಸ್ಟುಡಿಯೋದಲ್ಲಿ ಉಸಿರು ಕಟ್ಟಿದ್ದ ಹಾಡುಗಳಿಗೆ ಜಾಗ ಸಿಕ್ಕಿದೆ. ಬ್ರಿಟನ್ನಿನಲ್ಲಿ ಇವರಿಗೆ ಅಮೆರಿಕಕ್ಕಿಂತ ದೊಡ್ಡ ಮರ್ಯಾದೆ. 2011ರಲ್ಲೇ ವೆಂಬ್ಲಿ ಅರೀನಾದಲ್ಲಿ ನುಡಿಸಿದವರು. ಸ್ವಂತ ದೇಶದಲ್ಲಿ ಕ್ರೀಡ್ ನೆರಳು, ಹೊರಗೆ ಹೋದರೆ ಇವರು ಇವರೇ.

2019ರ 'ವಾಕ್ ದಿ ಸ್ಕೈ' ಬಗ್ಗೆ ಬೇಗ ಮುಗಿಸುತ್ತೇನೆ. ಹದಿನಾಲ್ಕು ಹಾಡು, ಹಳೆಯ ಎಂಬತ್ತರ ದಶಕದ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ಕೀಬೋರ್ಡ್, ಸದ್ದಿನ ನೆರಳು ಅಲ್ಲಲ್ಲಿ. ಹೊಸದೇನೋ ಮಾಡಬೇಕು ಅನ್ನುವ ಆಸೆ ಇದೆ, ಆದರೆ ಪೂರ್ತಿ ಧುಮುಕಲಿಲ್ಲ, ಸಿಂಥ್ ಮೂಲೆಯಲ್ಲಿ ಉಳಿಯಿತು. 'ಇನ್ ದಿ ಡೀಪ್', 'ಪೇ ನೋ ಮೈಂಡ್' ಚೆನ್ನಾಗಿವೆ. ಕೊನೆಯ 'ಡೈಯಿಂಗ್ ಲೈಟ್' ಕೂಡ. ಉಳಿದವು ಒಂದರ ಹಿಂದೆ ಒಂದು ಬಂದು ಹೋಗುತ್ತವೆ, ಯಾವುದು ಯಾವುದು ಅಂತ ನೆನಪಿನಲ್ಲಿ ನಿಲ್ಲುವುದಿಲ್ಲ. ಏಳರಲ್ಲಿ ಇದೇ ಕೊನೆ ಸ್ಥಾನ.

2022ರ ಅಕ್ಟೋಬರ್‌ನಲ್ಲಿ ಬಂದ 'ಪಾನ್ಸ್ ಅಂಡ್ ಕಿಂಗ್ಸ್' ನೋಡಿದಾಗ ಸಮಾಧಾನ ಆಯಿತು. ಹತ್ತೇ ಹಾಡು! ಕೊನೆಗೂ ಯಾರೋ ಕತ್ತರಿ ಹಿಡಿದಿದ್ದಾರೆ. ಸಿಂಥ್ ಇಲ್ಲ, ಗಿಟಾರ್ ಒರಟಾಗಿದೆ, 'ಫೋರ್ಟ್ರೆಸ್' ಕಡೆಗೆ ವಾಪಸ್ ನಡೆದಿದ್ದಾರೆ. 'ಸಿಲ್ವರ್ ಟಂಗ್' ಚಾಕುವಿನ ಹಾಗೆ ಚೂಪು. 'ಸ್ಟೇ' ಟ್ರಿಮೊಂಟಿ ಹಾಡಿದ್ದು, ಮೆತ್ತಗಿದೆ, ಇರಲಿ. ಆದರೆ ನಾನು ಇದನ್ನು ಮತ್ತೆ ಮತ್ತೆ ಹಾಕುವುದು 'ಫೇಬಲ್ ಆಫ್ ದಿ ಸೈಲೆಂಟ್ ಸನ್' ಅನ್ನುವ ಒಂದು ಹಾಡಿಗಾಗಿ. ಎಂಟೂವರೆ ನಿಮಿಷದ ಹತ್ತಿರ, ಈ ಏಳರಲ್ಲಿ ಎಲ್ಲಕ್ಕಿಂತ ಉದ್ದದ್ದು, 'ಬ್ಲ್ಯಾಕ್‌ಬರ್ಡ್' ಅನ್ನೂ ಮೀರಿದ್ದು. ಸಿಂಗಲ್ ಆಗುವ ಯಾವ ಲಕ್ಷಣವೂ ಇದಕ್ಕೆ ಇಲ್ಲ. ನಿಧಾನಕ್ಕೆ ತೆವಳುತ್ತ ಬರುತ್ತದೆ, ಎಲ್ಲಿ ಸಿಡಿಯುತ್ತದೆ ಅಂತ ಕಾಯಿಸುತ್ತದೆ, ಸಿಡಿದ ಮೇಲೂ ಅಲ್ಲಿಗೇ ನಿಲ್ಲುವುದಿಲ್ಲ. ಐವತ್ತು ದಾಟಿದ ಕೆನಡಿ ಹೀಗೆ ಹಾಡುತ್ತಾರೆ ಅಂದರೆ ನಂಬುವುದು ಕಷ್ಟ.

ಕೆನಡಿಯ ದನಿ ಎಲ್ಲರಿಗೂ ಹಿಡಿಸುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೇಲಿನ ಸ್ಥಾಯಿಯಲ್ಲಿ ಮೂಗು ಸೇರಿಕೊಳ್ಳುತ್ತದೆ. ಕಂಪನ ಜಾಸ್ತಿ. ಜೆಫ್ ಬಕ್ಲಿ ಅನ್ನುವ ನವಿರು ದನಿಯ ಗಾಯಕನನ್ನು ಮೆಚ್ಚಿದವರು ಹಾಡುವ ರೀತಿ ಅದು, ಬೀರ್ ಕುಡಿದು ಕೂಗುವ ರಾಕ್ ದನಿ ಅಲ್ಲ. ನನಗೆ ಅದೇ ಇಷ್ಟ, ಯಾಕೆಂದರೆ ಅನುಮಾನ ಪಡುವ ಹಾಡಿಗೆ ಸ್ವಲ್ಪ ನಡುಗುವ ದನಿ ಬೇಕು. ಎದೆ ಉಬ್ಬಿಸಿ ಹಾಡುವ ದನಿಯಲ್ಲಿ 'ಎಬಿ 3' ಊಹಿಸಿಕೊಳ್ಳಿ, ಆಗುವುದೇ ಇಲ್ಲ. 2015ರಲ್ಲಿ ಇದೇ ಕೆನಡಿ ಸ್ಲ್ಯಾಷ್ ಜೊತೆ ಬೆಂಗಳೂರಿಗೂ ಬಂದು ಹಾಡಿ ಹೋದರು. ಅವತ್ತು ಬಂದಿದ್ದವರಲ್ಲಿ ಹೆಚ್ಚಿನವರು ಸ್ಲ್ಯಾಷ್ ಹಾಕುವ ಆ ಟೋಪಿಯನ್ನೂ, ಗನ್ಸ್ ಎನ್ ರೋಸಸ್ ಹಾಡುಗಳನ್ನೂ ಹುಡುಕಿಕೊಂಡು ಬಂದವರೇ ಇರಬೇಕು. ಮೈಕ್ ಹಿಡಿದು ನಿಂತ ಸಣಕಲು ಮನುಷ್ಯನಿಗೆ ಸ್ವಂತದ್ದೊಂದು ಬ್ಯಾಂಡ್ ಇದೆ ಅನ್ನುವುದು ಎಷ್ಟು ಜನರಿಗೆ ಗೊತ್ತಿತ್ತೋ. ಆಲ್ಟರ್ ಬ್ರಿಡ್ಜ್ ಆಗಿ ಬಂದಿದ್ದರೆ ಅದರ ಅರ್ಧ ಜನವೂ ಸೇರುತ್ತಿರಲಿಲ್ಲವೇನೋ.

ಹೊಸದಾಗಿ ಕೇಳುವವರು ಬಂದ ವರ್ಷದ ಕ್ರಮದಲ್ಲಿ ಹೋಗಬೇಡಿ, ಮೊದಲ ಆಲ್ಬಮ್ಮಿಗೇ ಸಾಕು ಅಂದುಬಿಡುತ್ತೀರಿ. ಎಲ್ಲವೂ ಸ್ಪಾಟಿಫೈನಲ್ಲಿ, ಆಪಲ್ ಮ್ಯೂಸಿಕ್‌ನಲ್ಲಿ ಸಿಗುತ್ತವೆ. 'ಫೋರ್ಟ್ರೆಸ್'ನಿಂದ ಶುರು ಮಾಡಿ, ಅದು ಇಷ್ಟವಾಗದಿದ್ದರೆ ಈ ಬ್ಯಾಂಡ್ ನಿಮಗಲ್ಲ, ಮುಂದೆ ಹೋಗುವ ಕಷ್ಟ ಬೇಡ. ಇಷ್ಟವಾದರೆ 'ಬ್ಲ್ಯಾಕ್‌ಬರ್ಡ್', ಆಮೇಲೆ ಬಿಡುವಿರುವ ಒಂದು ರಾತ್ರಿ 'ಎಬಿ 3' ಮೊದಲಿನಿಂದ ಕೊನೆಯವರೆಗೆ, ಶಫಲ್ ಹಾಕದೆ. ಆಲ್ಬರ್ಟ್ ಹಾಲ್ ಅದಾದ ಮೇಲೆ, 'ಪಾನ್ಸ್ ಅಂಡ್ ಕಿಂಗ್ಸ್' ಯಾವಾಗ ಬೇಕಾದರೂ. 'ದಿ ಲಾಸ್ಟ್ ಹೀರೋ' ಕಾರಿನಲ್ಲಿ ಕೇಳಿ, ಅಲ್ಲಿ ಅದರ ಸೌಂಡ್ ಕಿವಿಗೆ ಹೊಡೆಯುವುದಿಲ್ಲ. 'ವಾಕ್ ದಿ ಸ್ಕೈ'ನಲ್ಲಿ ನಾನು ಹೇಳಿದ ಆ ಮೂರು ಹಾಡು ತೆಗೆದಿಟ್ಟುಕೊಂಡರೆ ಸಾಕು. ಮೊದಲ ಆಲ್ಬಮ್ಮಿನಿಂದ 'ಇನ್ ಲವಿಂಗ್ ಮೆಮರಿ' ಒಂದನ್ನು ಬಿಡಬೇಡಿ, ಜಿಮ್ ಪ್ಲೇಲಿಸ್ಟಿಗೆ ಮಾತ್ರ ಹಾಕಬೇಡಿ.